ಹಕ್ಕಿ ಆಟಿಕೆ: ಹಿಪ್ಪುನೇರಳೆ ಕಡ್ಡಿ, ಅಡಿಕೆ ತಟ್ಟೆ, ತೆಂಗಿನ ಚಿಪ್ಪು, ಅಂಗಡಿ ಮಾಲು

ಪಂಜರದ ಹಕ್ಕಿಗೆ ಕಚ್ಚಿ ಆಡೋಕೆ ಯಾವ ಆಟಿಕೆ ಒಳ್ಳೆಯದು? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹಿಪ್ಪುನೇರಳೆ ಕಡ್ಡಿಗೆ. ಉಳಿದದ್ದನ್ನೆಲ್ಲ ಮಾಡಿ, ಕಟ್ಟಿ, ಹಕ್ಕಿಗಳ ಮುಂದೆ ಇಟ್ಟು ನೋಡಿದ ಮೇಲೂ ಮನಸ್ಸು ಅಲ್ಲೇ ನಿಂತಿದೆ. ನಮ್ಮ ಮನೆ ಶಿಡ್ಲಘಟ್ಟದಲ್ಲಿ. ಊರಿಂದ ಯಾವ ಕಡೆ ಹೊರಟರೂ ಹಿಪ್ಪುನೇರಳೆ ತೋಟ ಕಾಣುತ್ತದೆ, ಕೇಳಿದರೆ ಕಡ್ಡಿ ಬಿಟ್ಟಿ ಸಿಗುತ್ತದೆ. ನನ್ನ ಹತ್ತಿರ ಇರುವುದು ಒಂದು ಕಾಕಟೀಲ್, ಹೆಸರು ಚಿನ್ನು. ಬೇರೆ ಪಂಜರದಲ್ಲಿ ಒಂದು ಜೊತೆ ಪೀಚ್ ಫೇಸ್ ಲವ್ ಬರ್ಡ್ಸ್. ಮೂರೂ ಗಿಳಿ ಜಾತಿಯವೇ. ಕೊಕ್ಕಿಗೆ ಕೆಲಸ ಬೇಕೇ ಬೇಕು. ಹೊರಗಡೆ ಇದ್ದಿದ್ದರೆ ದಿನದ ಬಹುಪಾಲು ಹೊತ್ತು ಮೇವು ಹುಡುಕುತ್ತಾ, ತೊಗಟೆ ಸುಲಿಯುತ್ತಾ ಕಳೆಯುವ ಜೀವ ಇದು. ಪಂಜರದಲ್ಲಿ ಬಟ್ಟಲು ತುಂಬ ಕಾಳು ಸಿಕ್ಕಿದರೆ ಹತ್ತು ನಿಮಿಷಕ್ಕೆ ಊಟ ಮುಗಿಯುತ್ತದೆ, ಆಮೇಲೆ ಏನು ಮಾಡಬೇಕು ಹೇಳಿ? ಕಿರುಚುತ್ತದೆ, ಇಲ್ಲಾಂದ್ರೆ ತನ್ನ ಪುಕ್ಕ ತಾನೇ ಕಿತ್ತುಕೊಳ್ಳುತ್ತದೆ.

ಅಂಗಡಿ ಆಟಿಕೆ ತಂದಿದ್ದು ಚಿನ್ನುಗೆ. ಬೆಂಗಳೂರಿನ ಒಂದು ಅಂಗಡಿ, 450 ರೂಪಾಯಿ. ಬಣ್ಣ ಬಳಿದ ಮರದ ತುಂಡುಗಳು, ನಡುವೆ ದಪ್ಪ ಹತ್ತಿ ಹಗ್ಗ, ಕೆಳಗೆ ಒಂದು ಗೆಜ್ಜೆ. ನೋಡೋಕೆ ಚೆಂದ ಇತ್ತು. ಮರ ಎಷ್ಟು ಗಟ್ಟಿ ಅಂದರೆ ಕಾಕಟೀಲ್ ಕೊಕ್ಕಿಗೆ ಒಂದು ಗೀರೂ ಬೀಳಲಿಲ್ಲ. ಹಾಗಾಗಿ ಅದು ಮರ ಬಿಟ್ಟು ಹಗ್ಗ ಹಿಡಿಯಿತು. ಹಗ್ಗದ ತುದಿ ಬಿಚ್ಚಿ ಬಿಚ್ಚಿ ಕೂದಲಿನಷ್ಟು ಸಣ್ಣ ಎಳೆಗಳಾದವು. ಒಂದು ಸಂಜೆ ಪಂಜರದಿಂದ ಪಟಪಟ ರೆಕ್ಕೆ ಬಡಿಯುವ ಸದ್ದು. ಹೋಗಿ ನೋಡಿದರೆ ಒಂದು ಬೆರಳಿಗೆ ಎಳೆ ಸುತ್ತಿಕೊಂಡು ತಲೆಕೆಳಗಾಗಿ ನೇತಾಡುತ್ತಿದೆ. ಅಕ್ಕ ಟವೆಲ್ ಹಾಕಿ ಹಿಡಿದುಕೊಂಡಳು, ನಾನು ಉಗುರು ಕತ್ತರಿಯಲ್ಲಿ ಒಂದೊಂದೇ ಎಳೆ ಕತ್ತರಿಸಿದೆ. ಬೆರಳು ಊದಿ ಕಪ್ಪಗೆ ತಿರುಗಿತ್ತು. ಪುಣ್ಯಕ್ಕೆ ಉಳಿಯಿತು. ಇನ್ನು ಆ ಗೆಜ್ಜೆ, ಅದರ ಸೀಳಿನಲ್ಲೂ ಉಗುರು ಸಿಕ್ಕಿಕೊಳ್ಳುತ್ತದೆ. ಸಣ್ಣ ಹಕ್ಕಿಗೆ ಗೆಜ್ಜೆ ಕಟ್ಟಲೇಬೇಡಿ.

ಆವತ್ತಿನಿಂದ ಆಟಿಕೆ ಎಲ್ಲ ಮನೆಯಲ್ಲೇ. ಮಾಡುವುದು ಸುಲಭ. ಕಟ್ಟುವುದು ಯಾವುದರಲ್ಲಿ ಅನ್ನುವುದೇ ತಲೆನೋವು. ಇದರ ಬಗ್ಗೆ ಯಾರೂ ಸರಿಯಾಗಿ ಹೇಳುವುದಿಲ್ಲ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಹತ್ತಿ ದಾರದ ಕಥೆ ಆಗಲೇ ಹೇಳಿದೆ. ನೈಲಾನ್ ದಾರ ಅದಕ್ಕಿಂತ ಕೆಟ್ಟದ್ದು. ಬೆರಳಿಗೆ ಸುತ್ತಿಕೊಂಡರೆ ಹರಿಯುವುದೇ ಇಲ್ಲ, ಚರ್ಮ ಕುಯ್ಯುತ್ತದೆ. ಗೋಣಿ ದಾರ ಚೆನ್ನಾಗಿರಬಹುದು ಅಂದುಕೊಂಡು ಒಂದು ಉಂಡೆ ತಂದೆ. ಮೂಗಿನ ಹತ್ತಿರ ಹಿಡಿದರೆ ಎಣ್ಣೆ ವಾಸನೆ. ಮಿಲ್ಲಿನಲ್ಲಿ ಸೆಣಬು ಮೆತ್ತಗಾಗಲಿ ಅಂತ ಎಣ್ಣೆ ಹಾಕುತ್ತಾರೆ, ಅದು ಹಕ್ಕಿ ಕಚ್ಚುವ ವಸ್ತುವಲ್ಲ. ಎಳೆಯೂ ಉದುರುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಬೆಳ್ಳಗೆ ಹೊಳೆಯುವ ಜಿ.ಐ. ತಂತಿ ಅಂತೂ ದಯವಿಟ್ಟು ಬೇಡ. ಅದರ ಮೇಲೆ ಇರುವುದು ಸತುವಿನ ಲೇಪ. ಗಿಳಿ ಅದನ್ನು ಕಚ್ಚಿ ಕಚ್ಚಿ ಚೂರು ನುಂಗಿದರೆ ಸತು ವಿಷವಾಗುತ್ತದೆ, ಪ್ರಾಣಕ್ಕೇ ಬರಬಹುದು. ಸ್ಟೇನ್‌ಲೆಸ್ ಸ್ಟೀಲ್ ತಂತಿ ಆಗುತ್ತದೆ, ಆದರೆ ಕತ್ತರಿಸಿದ ತುದಿ ಸೂಜಿಯಂತೆ ಚುಚ್ಚುತ್ತದೆ, ಅದನ್ನು ಒಳಕ್ಕೆ ಮಡಚಿ ಮುಚ್ಚುವಷ್ಟು ತಾಳ್ಮೆ ದಿನಾ ನನಗಿಲ್ಲ. ಕೀ ರಿಂಗ್‌ನಲ್ಲಿ ಕೊಕ್ಕಿನ ತುದಿ ಸಿಕ್ಕಿಕೊಳ್ಳುವ ಭಯ.

ಕೊನೆಗೆ ದಾರಿ ಸಿಕ್ಕಿದ್ದು ಹೂವು ಕಟ್ಟುವ ಬಾಳೆ ನಾರಿನಲ್ಲಿ. ಹೂವಿನವರ ಹತ್ತಿರ ಒಂದು ಹಿಡಿ ನಾರು ಹತ್ತು ರೂಪಾಯಿಗೆ ಕೊಟ್ಟರು, ಅಷ್ಟರಲ್ಲಿ ಎಷ್ಟೋ ದಿನ ಕಳೆಯಬಹುದು. ಶುರುವಿನಲ್ಲಿ ಕಟ್ಟಿದ್ದೆಲ್ಲ ಗಂಟಿನ ಹತ್ತಿರವೇ ಮುರಿಯುತ್ತಿತ್ತು. ಅಮ್ಮ ನೋಡಿ, “ನೆನೆಸದೆ ಕಟ್ಟಿದರೆ ನಿಲ್ಲುತ್ತೇನೇ? ನೀರಲ್ಲಿ ಅದ್ದು ಮೊದಲು” ಅಂದರು. ನೆನೆಸಿದರೆ ನಾರು ಮೆತ್ತಗಾಗಿ ಹೇಳಿದ ಕಡೆ ಬಾಗುತ್ತದೆ, ಒಣಗಿದ ಮೇಲೆ ಗಂಟು ಬಿಗಿಯಾಗಿ ಕೂರುತ್ತದೆ. ಇದರ ದೊಡ್ಡ ಗುಣ ಅಂದರೆ ಎಳೆದರೆ ಹರಿಯುವುದು. ತೆಳ್ಳಗೆ ಸೀಳಿ, ಎರಡು ಬೆರಳಲ್ಲಿ ಹಿಡಿದು ಒಂದು ಸಲ ಜಗ್ಗಿ ನೋಡಿ. ಪಟ್ ಅಂತ ಹರಿದರೆ ಅದೇ ಸರಿ, ಹರಿಯದಿದ್ದರೆ ಇನ್ನೂ ಸೀಳಿ. ಕಾಕಟೀಲ್ ಸುಮಾರು 90 ಗ್ರಾಂ, ಲವ್ ಬರ್ಡ್ 50 ಗ್ರಾಂ ಆಸುಪಾಸು ತೂಗುತ್ತದೆ. ಆ ಭಾರ ಒದ್ದಾಡಿದಾಗ ನಾರು ಹರಿಯಬೇಕು, ಬೆರಳು ಉಳಿಯಬೇಕು. ಉದ್ದ ಬಿಡಬೇಡಿ, ಗಂಟು ಹಾಕಿ ಉಳಿದ ಬಾಲ ಕತ್ತರಿಸಿಬಿಡಿ. ಎರಡು ದಿನಕ್ಕೊಮ್ಮೆ ಆಟಿಕೆ ಕೆಳಗೆ ಬಿದ್ದಿರುತ್ತದೆ, ಮತ್ತೆ ಕಟ್ಟಬೇಕು. ಅದು ನನಗೆ ಒಪ್ಪಿಗೆ.

ಈಗ ಕಡ್ಡಿಗೆ ಬರೋಣ. ಹಿಪ್ಪುನೇರಳೆ ಯಾಕೆ ಅಂದರೆ, ಅದಕ್ಕೆ ವಿಷ ಬೀಳಬಾರದು ಅಂತ ನನಗಿಂತ ಜಾಸ್ತಿ ಕಾಳಜಿ ಬೆಳೆಯುವವರಿಗೇ ಇರುತ್ತದೆ. ಸೊಪ್ಪಿನ ಮೇಲೆ ಔಷಧಿ ಚೂರು ಉಳಿದಿದ್ದರೂ ರೇಷ್ಮೆ ಹುಳ ಸಾಯುತ್ತದೆ, ಬೆಳೆಯೇ ಹೋಗುತ್ತದೆ. ಎಲೆ ಮುದುರಿಸುವ ತುಕ್ರ ರೋಗ ಬಂದಾಗ ಔಷಧಿ ಹೊಡೆದರೂ ಇಷ್ಟು ದಿನ ಅಂತ ಬಿಟ್ಟೇ ಕಟಾವು ಮಾಡುತ್ತಾರೆ. ನಮ್ಮ ಕಡೆ ದ್ರಾಕ್ಷಿ ತೋಟವೂ ಬೇಕಾದಷ್ಟಿವೆ, ದ್ರಾಕ್ಷಿ ಕಡ್ಡಿಯೂ ಹಕ್ಕಿಗೆ ಒಳ್ಳೆಯದೇ. ಆದರೆ ದ್ರಾಕ್ಷಿಗೆ ಮೈಲುತುತ್ತ, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣದಿಂದ ಹಿಡಿದು ಎಷ್ಟು ಸಲ ಔಷಧಿ ಹೊಡೆಯುತ್ತಾರೆ ಅನ್ನುವುದು ತೋಟದವರನ್ನು ಕೇಳಿ ನೋಡಿ. ಅದನ್ನು ನಾನು ಪಂಜರದ ಹತ್ತಿರಕ್ಕೂ ತರುವುದಿಲ್ಲ.

ಇಲ್ಲೊಂದು ಎಚ್ಚರಿಕೆ. ರೇಷ್ಮೆ ಮನೆಯಲ್ಲಿ ಹುಳ ಸೊಪ್ಪು ತಿಂದು ಬಿಟ್ಟ ಬೋಳು ಕಡ್ಡಿಗಳ ರಾಶಿ ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ಅದು ಬೇಡ. ಹುಳದ ಹಾಸಿಗೆಗೆ ಸುಣ್ಣದ ಪುಡಿ, ವಿಜೇತದಂತಹ ಸೋಂಕು ನಿವಾರಕ ಪುಡಿ ಉದುರಿಸುತ್ತಾರೆ. ಜೊತೆಗೆ ಹಿಕ್ಕೆ, ಸತ್ತ ಹುಳ ಎಲ್ಲ ಅಂಟಿರುತ್ತದೆ. ಹುಳ ಗೂಡು ಕಟ್ಟುವ ಹಳೇ ಬಿದಿರಿನ ಚಂದ್ರಿಕೆಯೂ ಅಷ್ಟೇ, ಅದನ್ನೂ ಔಷಧಿಯಲ್ಲಿ ತೊಳೆದಿರುತ್ತಾರೆ. ತೋಟದಲ್ಲಿ ನಿಂತು ಹಸಿ ಕಡ್ಡಿಯನ್ನೇ ಕೇಳಿ ತನ್ನಿ. ಪಕ್ಕದಲ್ಲಿ ಟೊಮ್ಯಾಟೊ ಹೊಲ ಇದ್ದರೆ ಆ ಅಂಚಿನ ಸಾಲು ಬಿಟ್ಟು ಒಳಗಿನ ಸಾಲಿನಿಂದ. ನಮ್ಮ ಚಿಕ್ಕಪ್ಪ ಮೊದಲ ಸಲ, “ಸೌದೆಗೆ ಹೋಗೋ ಕಡ್ಡಿಗೆ ಇಷ್ಟೆಲ್ಲಾ ವಿಚಾರಣೆ ಮಾಡ್ತೀಯಲ್ಲಮ್ಮ” ಅಂದರು. ಈಗ ಅವರೇ ಕಟಾವಿನ ದಿನ ಪೆನ್ಸಿಲ್ ದಪ್ಪದವು ಆರಿಸಿ ಒಂದು ಕಟ್ಟು ಎತ್ತಿಡುತ್ತಾರೆ.

ಕಡ್ಡಿ ಕತ್ತರಿಸಿದ ಜಾಗದಲ್ಲಿ ಬಿಳಿ ಹಾಲು ಜಿನುಗುತ್ತದೆ. ಚೆನ್ನಾಗಿ ತೊಳೆದು, ಹಾಲು ಆರುವವರೆಗೆ ನೆರಳಿನಲ್ಲಿ ಹರಡಿ ಇಡುತ್ತೇನೆ. ಪೂರ್ತಿ ಒಣಗಿಸಬಾರದು, ಒಣಗಿದರೆ ತೊಗಟೆ ಮರಕ್ಕೆ ಕಚ್ಚಿಕೊಳ್ಳುತ್ತದೆ, ಹಕ್ಕಿಗೆ ಸುಲಿಯುವ ಖುಷಿ ಹೋಗುತ್ತದೆ. ಅರೆ ಒಣಗಿದ ಕಡ್ಡಿಯನ್ನು ನಮ್ಮ ಹೆಣ್ಣು ಲವ್ ಬರ್ಡ್ ಹೇಗೆ ಹಿಡಿಯುತ್ತದೆ ಗೊತ್ತಾ? ಕತ್ತರಿಸಿದ ತುದಿಯಲ್ಲಿ ಕೊಕ್ಕು ತೊಗಟೆ ಕೆಳಗೆ ತೂರಿಸಿ, ಕತ್ತು ಹಿಂದಕ್ಕೆ ಎಳೆದು, ಒಂದೇ ಅಳತೆಯ ಪಟ್ಟಿ ಸೀಳುತ್ತದೆ. ಆಮೇಲೆ ಹಿಂದಕ್ಕೆ ತಿರುಗಿ ಆ ಪಟ್ಟಿಯನ್ನು ಬಾಲದ ಮೇಲಿನ ಪುಕ್ಕದೊಳಗೆ ಸಿಕ್ಕಿಸಿಕೊಳ್ಳುತ್ತದೆ. ಅರ್ಧ ಕೆಳಗೆ ಬೀಳುತ್ತವೆ, ಮತ್ತೆ ಸೀಳುತ್ತದೆ. ಇವುಗಳ ಮೂಲ ನಮೀಬಿಯಾ ಕಡೆಯ ಒಣ ನೆಲ, ಅಲ್ಲಿ ಹೆಣ್ಣುಗಳು ಗೂಡಿಗೆ ತೊಗಟೆ ಸಾಗಿಸುವುದು ಹೀಗೇ. ಆದರೆ ಇದು ಅತಿಯಾದರೆ ಮೊಟ್ಟೆ ಇಡುವ ಮನಸ್ಸು ಬರುತ್ತದೆ, ಮೇಲಿಂದ ಮೇಲೆ ಮೊಟ್ಟೆ ಇಟ್ಟರೆ ಅದರ ಮೈಗೆ ಒಳ್ಳೆಯದಲ್ಲ. ಪುಕ್ಕಕ್ಕೆ ಸಿಕ್ಕಿಸುವುದು ಜಾಸ್ತಿ ಆಯಿತು ಅನ್ನಿಸಿದ ವಾರ ನಾನೇ ತೊಗಟೆ ಸುಲಿದು ಬೋಳು ಕಡ್ಡಿ ಕೊಡುತ್ತೇನೆ. ಕಡ್ಡಿ ಬೆರಳುದ್ದಕ್ಕಿಂತ ಜಾಸ್ತಿ ಬೇಡ. ಉದ್ದ ಇದ್ದರೆ ಪಟ್ಟಿಯೂ ಉದ್ದ ಬರುತ್ತದೆ, ಕಾಲಿಗೆ ಸುತ್ತಿಕೊಳ್ಳಬಹುದು.

ಚಿನ್ನುಗೆ ಬೇರೆ ತರಹ. ನಾಲ್ಕೈದು ಕಡ್ಡಿ ಸೇರಿಸಿ, ನಡುವೆ ಒಂದು ನವಣೆ ತೆನೆ ತುರುಕಿ, ನಾರಿನಲ್ಲಿ ಕಟ್ಟಿ ಪಂಜರದ ಸರಳಿಗೆ ಬಿಗಿಯುತ್ತೇನೆ. ತೆನೆ ಸಿಗಬೇಕಾದರೆ ಕಡ್ಡಿ ಸರಿಸಬೇಕು, ಗಂಟು ಕಚ್ಚಬೇಕು. ಬೆಳಗಿನ ಕೂಗಾಟ ಈಗ ಎಷ್ಟೋ ಕಡಿಮೆ. ಕಾಕಟೀಲ್‌ಗಳಿಗೆ ಹೊಸ ವಸ್ತು ಕಂಡರೆ ಹೆದರಿಕೆ, ಬುಸ್ ಅನ್ನುತ್ತವೆ. ಎರಡು ದಿನ ಪಂಜರದ ಹೊರಗೆ ಕಣ್ಣಿಗೆ ಕಾಣುವಂತೆ ಇಟ್ಟು ಆಮೇಲೆ ಒಳಗೆ ಕಟ್ಟಿ.

ಎರಡನೇ ಸ್ಥಾನ ಅಡಿಕೆ ತಟ್ಟೆಗೆ, ಊಟಕ್ಕೆ ಬಳಸುವ ಹಾಳೆ ತಟ್ಟೆ. ಒಂದು ಐದಾರು ರೂಪಾಯಿ. ನೀರಲ್ಲಿ ನೆನೆಸಿ ಕತ್ತರಿಯಲ್ಲಿ ಚೌಕ ಚೌಕ ಕತ್ತರಿಸಿ, ತೂತು ಮಾಡಿ ನಾರಿಗೆ ಪೋಣಿಸಿದರೆ ಆಯಿತು. ಕಚ್ಚಿದರೆ ಕರಕರ ಅನ್ನುತ್ತದೆ, ಆ ಸದ್ದು ಚಿನ್ನುಗೆ ತುಂಬ ಇಷ್ಟ. ಬಣ್ಣ ಇಲ್ಲ, ಅಂಟು ಇಲ್ಲ. ತೊಂದರೆ ಒಂದೇ, ಬೂಸ್ಟು. ಅಂಗಡಿಯ ಗೋದಾಮಿನಲ್ಲಿ ತೇವ ತಾಗಿದ ಕಟ್ಟಿನಲ್ಲಿ ಸಣ್ಣ ಕಪ್ಪು, ಹಸಿರು ಚುಕ್ಕೆ ಇರುತ್ತವೆ, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಗಿಳಿಗಳ ಶ್ವಾಸಕೋಶಕ್ಕೆ ಬೂಸ್ಟು ತುಂಬ ಅಪಾಯ. ಬೆಳಕಿಗೆ ಹಿಡಿದು ನೋಡಿ, ಮೂಸಿ ನೋಡಿ, ಕತ್ತರಿಸಿದ ಮೇಲೆ ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿ. ಅನುಮಾನ ಬಂದರೆ ಒಲೆಗೆ ಹಾಕಿ. ಗುಬ್ಬಿ, ಚಿಕ್ಕನಾಯಕನಹಳ್ಳಿ ಕಡೆಯವರಿಗೆ ಹಿಪ್ಪುನೇರಳೆ ಸಿಗದಿದ್ದರೂ ಅಡಿಕೆ ಹಾಳೆ ತೋಟದಲ್ಲೇ ಸಿಗುತ್ತದೆ ಅಲ್ವಾ, ನಿಮಗೆ ಇದೇ ಮೊದಲ ಸ್ಥಾನ ಇರಲಿ.

ತೆಂಗಿನ ಚಿಪ್ಪು ನನಗೆ ಸರಿಬರಲಿಲ್ಲ. ತೂತು ಕೊರೆಯೋಕೆ ಡ್ರಿಲ್ ಬೇಕು, ನಾರು ಕೆರೆದು ಉಪ್ಪು ಕಾಗದದಲ್ಲಿ ಉಜ್ಜಬೇಕು, ಒಳಗೆ ಕಾಯಿ ಚೂರು ಉಳಿದರೆ ನಾಲ್ಕು ದಿನಕ್ಕೆ ಕಮಟು ವಾಸನೆ. ಇಷ್ಟೆಲ್ಲ ಮಾಡಿದ ಮೇಲೂ ಸಣ್ಣ ಕೊಕ್ಕಿಗೆ ಅದು ಬಂಡೆ. ಕಾಳು ಬಚ್ಚಿಡುವ ಬಟ್ಟಲಾಗಿ ಪರವಾಗಿಲ್ಲ. ದೊಡ್ಡ ಕೊಕ್ಕಿನ ಹಕ್ಕಿ ಇದ್ದವರಿಗೆ ಲೆಕ್ಕ ಬೇರೆ ಇರಬಹುದು.

ಕಾಗದ ಸುಲಭ. ಖಾಲಿ ನೋಟ್‌ಬುಕ್ ಹಾಳೆ, ಪಿನ್ ತೆಗೆದು. ಅಂಗಡಿ ಬಿಲ್ಲಿನ ನುಣುಪು ಕಾಗದ ಬೇಡ, ಟೀ ಕುಡಿಯುವ ಪೇಪರ್ ಕಪ್‌ನಲ್ಲಿ ಒಳಗೆ ಪ್ಲಾಸ್ಟಿಕ್ ಪದರ ಇರುತ್ತದೆ, ಅದೂ ಬೇಡ. ಮುಸುಕಿನ ಜೋಳದ ದಿಂಡು ಒಂದು ದಿನದ ಆಟ, ಮಾರನೇ ದಿನ ಎಸೆಯಬೇಕು. ಸೀಬೆ ಕಡ್ಡಿ ಚೆನ್ನ. ಕಣಗಿಲೆ, ಕಳ್ಳಿ, ಹರಳು, ಬೆಣ್ಣೆಹಣ್ಣಿನ ಗಿಡ ಇವುಗಳ ಕಡ್ಡಿ, ಎಲೆ ಯಾವುದೂ ಬೇಡ, ಎಲ್ಲ ವಿಷ.

ಇದನ್ನೆಲ್ಲ ನಮ್ಮ ಊರ ಹಸಿರು ಗಿಳಿಗೂ ಮಾಡಬಹುದಾ ಅಂತ ಪಕ್ಕದ ಮನೆಯವರು ಕೇಳಿದರು. ಆ ಗಿಳಿಯನ್ನು ಪಂಜರದಲ್ಲಿ ಇಡುವುದೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಅದು ಮರದ ಮೇಲೇ ಇರಲಿ.

ನನ್ನ ತೀರ್ಮಾನ ನನ್ನ ದಿನಚರಿಗೆ ತಕ್ಕ ಹಾಗೆ ಇದೆ. ಬೆಳಗ್ಗೆ ಪಂಜರ ತೊಳೆಯುವಾಗ ಹೇಗೂ ಹತ್ತು ನಿಮಿಷ ಅಲ್ಲೇ ಇರುತ್ತೇನೆ. ಆಗಲೇ ಕಡ್ಡಿ ಬದಲಿಸಿ, ಹರಿದ ನಾರು ತೆಗೆದು ಹೊಸದು ಕಟ್ಟುತ್ತೇನೆ. ತಿಂಗಳಿಗೆ ನಾರು, ಒಂದೆರಡು ತಟ್ಟೆ, ನವಣೆ ಎಲ್ಲ ಸೇರಿ ನೂರು ರೂಪಾಯಿ ದಾಟುವುದಿಲ್ಲ. ದಿನಾ ಬೆಳಗ್ಗೆ ಕೈ ಬಿಡುವಿಲ್ಲದವರು ನಾರು ಬಿಟ್ಟು ಸ್ಟೇನ್‌ಲೆಸ್ ಸ್ಟೀಲ್ ತಂತಿಗೆ ಹೋಗಿ, ತುದಿ ಮಾತ್ರ ಸರಿಯಾಗಿ ಮಡಚಿ. ಯಾವುದನ್ನೇ ಕಟ್ಟಿದರೂ ಮೊದಲ ದಿನ ನೀವು ಮನೆಯಲ್ಲಿ ಇರುವಾಗ ಕಟ್ಟಿ, ರಾತ್ರಿ ಪಂಜರ ಮುಚ್ಚುವ ಮೊದಲು ಬಿಚ್ಚಿಡಿ.