ಮೈನ್‌ಕ್ರಾಫ್ಟ್‌ನಲ್ಲಿ ಊರು ತುಂಬಿಸುವ ಕೆಲಸ: ಬಹಳ ಕಾಲ ಆಡಿದವರ ಮಾತು

ಮೈನ್‌ಕ್ರಾಫ್ಟ್ ಅಂದರೆ ಚೌಕಾಕಾರದ ಬ್ಲಾಕುಗಳನ್ನು ಅಗೆದು, ಜೋಡಿಸಿ ಪ್ರಪಂಚ ಕಟ್ಟುವ ವಿಡಿಯೊ ಗೇಮ್, 2011ರಲ್ಲಿ ಪೂರ್ತಿಯಾಗಿ ಬಿಡುಗಡೆಯಾದ ಆಟ. ಅದರ ಬಗ್ಗೆ ಈಗ ವಿಮರ್ಶೆ ಯಾಕೆ ಅಂತ ಕೇಳಬಹುದು. ಇಡೀ ಆಟದ ಬಗ್ಗೆ ನಾನೂ ಬರೆಯುತ್ತಿಲ್ಲ. ವಜ್ರ ಅಗೆಯುವ, ಡ್ರ್ಯಾಗನ್ ಕೊಲ್ಲುವ ಆಸೆ ನನಗೆ ಮುಗಿದು ಎಷ್ಟೋ ಕಾಲವಾಯಿತು. ಈಗಲೂ ಲ್ಯಾಪ್‌ಟಾಪ್ ತೆರೆದು ಕೂರುವುದು ಒಂದೇ ಕಾರಣಕ್ಕೆ. ಆಟವೇ ನಡೆಸುವ ನಾಲ್ಕಾರು ಜನ ಉಳಿದಿರುವ ಹಳ್ಳಿಯೊಂದನ್ನು ಹುಡುಕಿ, ಅದನ್ನು ತುಂಬಿದ ಊರು ಮಾಡಬೇಕು. ಆಡುವುದು ಕಂಪ್ಯೂಟರಿನ ಜಾವಾ ಆವೃತ್ತಿ, ಸರ್ವೈವಲ್ ಮೋಡ್ (ಬೇಕಾದ್ದನ್ನು ತಾನೇ ಕೂಡಿಸಿಕೊಂಡು, ಜೀವ ಉಳಿಸಿಕೊಂಡು ಆಡುವ ಬಗೆ). ಮೊಬೈಲ್‌ನ ಬೆಡ್‌ರಾಕ್ ಆವೃತ್ತಿಯಲ್ಲಿ ಕೆಲವು ನಿಯಮ ಬೇರೆ ಇವೆ, ನೆನಪಿರಲಿ.

ಜನ ಹೆಚ್ಚಬೇಕಾದರೆ ಮುಖ್ಯವಾಗಿ ಬೇಕಾದ್ದು ಎರಡು: ಊಟ ಮತ್ತು ಹಾಸಿಗೆ. ಮಗು ಹುಟ್ಟಬೇಕಾದರೆ ಹಳ್ಳಿಯ ಇಬ್ಬರ ಹತ್ತಿರವೂ ತಲಾ 3 ಬ್ರೆಡ್ ಇರಬೇಕು. ಇಲ್ಲವೇ 12 ಕ್ಯಾರೆಟ್, ಆಲೂಗಡ್ಡೆ ಅಥವಾ ಬೀಟ್‌ರೂಟ್. ಜೊತೆಗೆ ಹುಟ್ಟುವ ಮಗುವಿಗೆ ಯಾರೂ ಹಿಡಿಯದ ಒಂದು ಹಾಸಿಗೆ ಖಾಲಿ ಇರಬೇಕು. ಬ್ರೆಡ್ ಎಸೆದು ನೋಡಿ, ಮದುವೆ ಛತ್ರದಲ್ಲಿ ಮೊದಲ ಪಂಕ್ತಿಗೆ ನುಗ್ಗುವವರ ಹಾಗೆ ಬರುತ್ತಾರೆ. ಆಮೇಲೆ ಇಬ್ಬರು ಎದುರುಬದುರು ನಿಲ್ಲುತ್ತಾರೆ, ತಲೆ ಮೇಲೆ ಕೆಂಪು ಹೃದಯಗಳು ಏಳುತ್ತವೆ, ಪಕ್ಕದಲ್ಲಿ ಪುಟಾಣಿಯೊಂದು ಓಡಾಡುತ್ತಿರುತ್ತದೆ. ಅದು ದೊಡ್ಡದಾಗಲು 20 ನಿಮಿಷ. ಆಟದ ಲೆಕ್ಕದಲ್ಲಿ ಒಂದು ಹಗಲು, ಒಂದು ರಾತ್ರಿ.

ಹೃದಯದ ಬದಲು ಸಿಟ್ಟಿನ ಮೋಡ ಕಂಡರೆ ಹಾಸಿಗೆ ಸಾಲದು ಅಂತ ಅರ್ಥ. ತಲೆ ಕೆಡುವುದು ಇಲ್ಲೇ. ಹಾಸಿಗೆ ಕಣ್ಣೆದುರೇ ಇರುತ್ತದೆ, ಯಾರೂ ಅದರಲ್ಲಿ ಮಲಗುವುದಿಲ್ಲ, ಆದರೂ ಲೆಕ್ಕಕ್ಕೆ ಬರುವುದಿಲ್ಲ. ಒಂದೋ ಅಲ್ಲಿಗೆ ನಡೆದು ಹೋಗಲು ದಾರಿ ಇರುವುದಿಲ್ಲ, ಇಲ್ಲವೇ ಚಾವಣಿ ತಗ್ಗಾಗಿರುತ್ತದೆ. ಹಾಸಿಗೆಯ ಮೇಲೆ ಎರಡು ಬ್ಲಾಕ್ ಎತ್ತರ ಖಾಲಿ ಬಿಡಬೇಕು, ಮಕ್ಕಳು ಅದರ ಮೇಲೆ ಕುಣಿಯುತ್ತಾರಲ್ಲ, ಅದಕ್ಕೆ! ಈ ಕಾರಣ ಗೊತ್ತಾದಾಗ ನಗು ಬಂತು. ಆದರೆ ಆಟದೊಳಗೆ ಇದನ್ನು ಎಲ್ಲೂ ಹೇಳಿಲ್ಲ. ಹೊಸಬರು ಗಂಟೆಗಟ್ಟಲೆ ಕ್ಯಾರೆಟ್ ಸುರಿದು ಕಾಯುತ್ತಾ ಕೂರುವುದು ಇದರಿಂದಲೇ.

ಹಾಗಂತ ಹಳೆಯ ಪದ್ಧತಿ ಚೆನ್ನಾಗಿತ್ತು ಅನ್ನುವವರ ಜೊತೆ ನಾನಿಲ್ಲ. 2019ರ ಏಪ್ರಿಲ್‌ನಲ್ಲಿ ಆಟದ 1.14 ಅಪ್‌ಡೇಟ್ ಬರುವ ಮುಂಚೆ ಊರಿನ ಜನಸಂಖ್ಯೆ ನಿಂತಿದ್ದು ಬಾಗಿಲುಗಳ ಮೇಲೆ. ಮನೆಯೇ ಬೇಡ, ಸಾಲಾಗಿ ಬಾಗಿಲು ನೆಟ್ಟು ಮೇಲೊಂದಿಷ್ಟು ಮಾಡು ಹಾಕಿದರೂ ಜನ ಹುಟ್ಟುತ್ತಿದ್ದರು. ನೋಡಲು ಬಾಗಿಲ ಅಂಗಡಿಯೇ ಸರಿ. ಹಾಸಿಗೆ ಬಂದ ಮೇಲೆ ಊರು ಊರಿನ ಹಾಗೆ ಕಾಣುತ್ತದೆ. ಬೆಳಿಗ್ಗೆ ಕೆಲಸಕ್ಕೆ ಹೋಗುತ್ತಾರೆ, ಊರಿನ ಗಂಟೆಯ ಹತ್ತಿರ ಸೇರಿ ಹರಟುತ್ತಾರೆ, ಮಳೆ ಬಂದರೆ ಒಳಗೆ ಓಡುತ್ತಾರೆ.

ಕಾಯಿಪಲ್ಯದ ವಿಷಯಕ್ಕೆ ನನ್ನ ಆಯ್ಕೆ ಕ್ಯಾರೆಟ್. ಗೋಧಿಯಾದರೆ 9 ತೆನೆಗೆ 3 ಬ್ರೆಡ್, ಅದೂ ಒಬ್ಬನಿಗೆ. ಕ್ಯಾರೆಟ್‌ಗೆ ಬೇರೆ ಬೀಜ ಬೇಡ, ಅಡುಗೆ ಬೇಡ. ಹೊಲದ ಪಕ್ಕ ಕಂಪೋಸ್ಟರ್ (ಗೊಬ್ಬರದ ಪೆಟ್ಟಿಗೆ) ಇಟ್ಟರೆ ಕೆಲಸವಿಲ್ಲದ ಒಬ್ಬ ಬಂದು ರೈತನಾಗುತ್ತಾನೆ. ಅವನೇ ಕೊಯ್ದು, ಅವನೇ ನೆಟ್ಟು, ಮಿಕ್ಕಿದ್ದನ್ನು ಉಳಿದವರತ್ತ ಎಸೆಯುತ್ತಾನೆ. ಅಲ್ಲಿಗೆ ನಾನು ಕೈ ಬಿಟ್ಟರೂ ಊರು ಬೆಳೆಯುತ್ತದೆ. ನನ್ನ ಪಾಲಿಗೆ ಇಡೀ ಆಟದ ಅತಿ ಖುಷಿಯ ಗಳಿಗೆ ಇದೇ.

ಹುಟ್ಟಿಸುವುದು ಸುಲಭ, ಉಳಿಸಿಕೊಳ್ಳುವುದೇ ಕಷ್ಟ. ಜೊಂಬಿಯೊಂದು (ನಡೆದಾಡುವ ಹೆಣ) ಹಳ್ಳಿಯವನನ್ನು ಕೊಂದರೆ, ಆಟದ ಸುಲಭ ಮಟ್ಟವಾದ ಈಜಿಯಲ್ಲಿ ಅವನು ಸುಮ್ನೆ ಸಾಯುತ್ತಾನೆ. ನಾರ್ಮಲ್‌ನಲ್ಲಿ ಜೊಂಬಿಯಾಗುವ ಸಾಧ್ಯತೆ ಶೇ 50, ಹಾರ್ಡ್‌ನಲ್ಲಿ ಶೇ 100. ಹಾರ್ಡ್‌ನಲ್ಲಿ ಜೊಂಬಿಗಳು ಮರದ ಬಾಗಿಲನ್ನೂ ಒಡೆಯುತ್ತವೆ. ಒಂದು ರಾತ್ರಿ ಬೇಲಿಯಲ್ಲಿ ಸಂದು ಬಿಟ್ಟರೆ ಬೆಳಗಾಗುವಷ್ಟರಲ್ಲಿ ಊರಿಗೆ ಊರೇ ಹಸಿರು ಮುಖ. ಹಾಗಾಗಿ ಮಕ್ಕಳಿಗಿಂತ ಮೊದಲು ಟಾರ್ಚು, ಅಂದರೆ ಪಂಜು. 1.18ರಿಂದ ಪೂರ್ತಿ ಕತ್ತಲಿರುವ ಜಾಗದಲ್ಲಿ ಮಾತ್ರ ಜೊಂಬಿಯಂಥವು ಹುಟ್ಟುವುದರಿಂದ ಈಗ ಟಾರ್ಚುಗಳನ್ನು ದೂರ ದೂರ ಇಟ್ಟರೂ ಸಾಕು. ಕಬ್ಬಿಣ ಕೂಡಿಟ್ಟಿದ್ದರೆ 4 ಕಬ್ಬಿಣದ ಬ್ಲಾಕು, ಮೇಲೊಂದು ಕೆತ್ತಿದ ಕುಂಬಳಕಾಯಿ ಇಟ್ಟು ಊರು ಕಾಯುವ ಗೋಲೆಮ್ ಮಾಡಿ. ದುಬಾರಿ, ಆದರೆ ನೆಮ್ಮದಿ.

ಜನ ಜಾಸ್ತಿಯಾದಂತೆ ವ್ಯಾಪಾರ ಕುದುರುತ್ತದೆ. ಬಾಣ ಮಾಡುವವನಿಗೆ 32 ಕಡ್ಡಿ ಕೊಟ್ಟರೆ ಒಂದು ಪಚ್ಚೆ, ಹಳ್ಳಿಯವರ ದುಡ್ಡು ಅದೇ. ಕಾಡು ಪಕ್ಕದಲ್ಲೇ ಇದ್ದರೆ ಇದಕ್ಕಿಂತ ಸಲೀಸಾದ ದುಡಿಮೆ ಇಲ್ಲ. ಆದರೆ ಆಟದ ಬಗ್ಗೆ ನನಗಿರುವ ದೊಡ್ಡ ಬೇಸರವೂ ಇಲ್ಲೇ. ಊರನ್ನು ಊರಾಗಿ ಬಿಟ್ಟರೆ ಬೇಕಾದ ವ್ಯಾಪಾರಿಯನ್ನು ಬೀದಿ ಬೀದಿ ಹುಡುಕಬೇಕು. ಒಬ್ಬೊಬ್ಬರನ್ನೂ ಒಂದೊಂದು ಬ್ಲಾಕಿನ ಗೂಡಿನಲ್ಲಿ ಕೂಡಿಹಾಕಿದರೆ ಎಲ್ಲ ಕೈಗೆಟಕುತ್ತದೆ. ಲಾಭ ಗೂಡಿಗೇ ಜಾಸ್ತಿ. ಇನ್ನೂ ಕೆಲವರು ಬೇಕಂತಲೇ ಜೊಂಬಿ ಬಿಟ್ಟು ಕಚ್ಚಿಸಿ, ಬಲ ಕುಗ್ಗಿಸುವ ಮದ್ದು ಎರಚಿ, ಚಿನ್ನದ ಸೇಬು ತಿನ್ನಿಸಿ ವಾಸಿ ಮಾಡುತ್ತಿದ್ದರು. ವಾಸಿಯಾದವನು ಋಣಕ್ಕೆ ಬೆಲೆ ಇಳಿಸುತ್ತಾನೆ, ಅದಕ್ಕೆ. ಮತ್ತೆ ಮತ್ತೆ ಕಚ್ಚಿಸಿ ಬೆಲೆ ಇಳಿಸುತ್ತಾ ಹೋಗುವ ಈ ಆಟಕ್ಕೆ 2023ರಲ್ಲಿ ಕಡಿವಾಣ ಬಿತ್ತು, ರಿಯಾಯಿತಿ ಮೊದಲ ಸಲಕ್ಕೆ ಮಾತ್ರ. ಒಳ್ಳೆಯದೇ ಆಯಿತು. ಗೂಡಿನ ಲಾಭಕ್ಕೆ ಮಾತ್ರ ಏನೂ ಆಗಿಲ್ಲ.

ಹಸಿರು ಅಂಗಿಯ ನಿಟ್‌ವಿಟ್‌ಗಳ ಬಗ್ಗೆಯೂ ಹೇಳಬೇಕು. ಯಾವ ಕೆಲಸವನ್ನೂ ಕಲಿಯುವುದಿಲ್ಲ, ಆದರೆ ಹಾಸಿಗೆ ಹಿಡಿಯುತ್ತಾರೆ. ಲೆಕ್ಕಾಚಾರದವರು ಅವರನ್ನು ಊರಾಚೆ ಸಾಗಿಸುತ್ತಾರೆ. ನಾನು ಬಿಟ್ಟುಬಿಟ್ಟಿದ್ದೇನೆ. ಕೆಲಸ ಮಾಡದವರೂ ನಾಲ್ಕು ಜನ ಇಲ್ಲದಿದ್ದರೆ ಅದೆಂಥ ಊರು, ಅಲ್ವಾ?

ಐದಕ್ಕೆ ನಾಲ್ಕು ಸ್ಟಾರ್. ತಾಳ್ಮೆ ಇದ್ದವರು ಕೊಳ್ಳಬಹುದು. ಹಳ್ಳಿಗಾಗಿಯೇ ಆಡುವುದಾದರೆ ಮೊದಲ ಸಲ ಈಜಿಯಲ್ಲಿ ಶುರುಮಾಡಿ, ಹೊಸ ಪ್ರಯೋಗಕ್ಕೆ ಮುಂಚೆ ಪ್ರಪಂಚದ ಒಂದು ಪ್ರತಿ ಬೇರೆ ಕಡೆ ಉಳಿಸಿಕೊಳ್ಳಿ.