ಲೋ ಫ್ಲೋರ್ ಎಲೆಕ್ಟ್ರಿಕ್ ಸಿಟಿ ಬಸ್: ಎರಡು ವರ್ಷ ಬಳಸಿದ ಮೇಲೆ

ಬೆಂಗಳೂರಿನ 12 ಮೀಟರಿನ ನಾನ್ ಎಸಿ ಎಲೆಕ್ಟ್ರಿಕ್ ಬಸ್ಸಿಗೆ ಐದಕ್ಕೆ ನಾಲ್ಕು ಅಂಕ. ಒಂದು ಅಂಕ ಕಳೆದದ್ದು ಸ್ಟಾಪಿನಲ್ಲಿ.

2006ರಲ್ಲಿ ವೋಲ್ವೋ ಬಂದಾಗಲೇ ಊರು ಲೋ ಫ್ಲೋರ್ ಕಂಡಿತ್ತು, ಆದರೆ ಟಿಕೆಟ್ ದುಬಾರಿ. ಈಗ ಅದೇ ತಗ್ಗು ನೆಲ ಸಾಮಾನ್ಯ ದರಕ್ಕೇ ಸಿಗುತ್ತಿದೆ. 2025ರ ಜನವರಿಯ ಏರಿಕೆಯ ನಂತರವೂ ಕನಿಷ್ಠ ದರ 6 ರೂಪಾಯಿ. ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಇದರಲ್ಲೂ ನಡೆಯುತ್ತದೆ; ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಕೈಯಲ್ಲಿರಲಿ. ಮಂಡಿನೋವಿನ ಹಿರಿಯರು, ಕಂಕುಳಲ್ಲಿ ಕೂಸು ಇರುವವರು, ಮಾರ್ಕೆಟ್ಟಿನಿಂದ ಚೀಲ ಹೊತ್ತು ಬರುವವರು ಮೆಟ್ಟಿಲಿಲ್ಲದೆ ಹತ್ತುತ್ತಾರೆ. ಇದೇ ದೊಡ್ಡ ಗೆಲುವು.

ಗಾಲಿಕುರ್ಚಿಯ ಲೆಕ್ಕ ಬೇರೆ. ಬಸ್ಸಿನ ನೆಲ ರಸ್ತೆಯಿಂದ ಸುಮಾರು 40 ಸೆಂ.ಮೀ. ಡ್ರೈವರ್ ಬಸ್ಸನ್ನು ಒಂದು ಮಗ್ಗುಲಿಗೆ ಬಾಗಿಸಿದಾಗ 6 ಸೆಂ.ಮೀ. ಇಳಿಯಿತು ಎಂದಿಟ್ಟುಕೊಳ್ಳಿ, ಉಳಿದದ್ದು 34. ಅದು 15 ಸೆಂ.ಮೀ. ಎತ್ತರದ ಫುಟ್‌ಪಾತಿಗೆ ತಾಗಿ ನಿಂತರೆ ಏರಬೇಕಾದದ್ದು 19 ಮಾತ್ರ, 90 ಸೆಂ.ಮೀ. ಉದ್ದದ ರ್‍ಯಾಂಪಿನ ಮೇಲೆ ಒಬ್ಬರು ತಳ್ಳಿದರೂ ಆದೀತು. ಸ್ಟಾಪಿನಲ್ಲಿ ಆಟೋ, ಬೈಕು ನಿಂತಿದ್ದರೆ ಬಸ್ ರಸ್ತೆ ಮಧ್ಯೆಯೇ ನಿಲ್ಲುತ್ತದೆ. ಆಗ ಅದೇ ಹಲಗೆಯ ಮೇಲೆ ಪೂರ್ತಿ 34 ಸೆಂ.ಮೀ. ಏರಬೇಕು. ಇಬ್ಬರು ಬೇಕು, ಕುರ್ಚಿ ಹಿಂದಕ್ಕೆ ಮಗುಚುವ ಅಪಾಯವೂ ಇದೆ. ಕಟ್ಟಡದ ರ್‍ಯಾಂಪಿಗೆ ನಮ್ಮ ನಿಯಮ ಹೇಳುವುದು ಹನ್ನೆರಡಕ್ಕೆ ಒಂದರ ಏರು. ಇಲ್ಲಿ ಮೂರಕ್ಕೆ ಒಂದನ್ನೂ ಮೀರುತ್ತದೆ. ಇಷ್ಟು ದುಬಾರಿ ಬಸ್ಸಿನ ಅನುಕೂಲವನ್ನು ಒಂದು ಬೈಕು ಕಿತ್ತುಕೊಳ್ಳುತ್ತದೆ.

ಹತ್ತುವಾಗ ಮುಂಚಿತವಾಗಿಯೇ ಕೈ ಎತ್ತಿ ಡ್ರೈವರಿಗೆ ನಡುಬಾಗಿಲು ತೋರಿಸಿ. ಮೊದಲು ಬಸ್ ಬಾಗಲಿ, ಆಮೇಲೆ ಕಂಡಕ್ಟರ್ ಹಲಗೆ ಮಗುಚಲಿ. ಹತ್ತುವಾಗ ಮುಖ ಮುಂದೆ, ಇಳಿಯುವಾಗ ಬೆನ್ನು ಮುಂದೆ. ಒಳಗೆ ಕುರ್ಚಿಯ ಎರಡೂ ಬ್ರೇಕ್ ಹಾಕಿ, ಬೆಲ್ಟ್ ಬಿಗಿದ ಮೇಲೆಯೇ 'ರೈಟ್' ಎನ್ನಲಿ. ಎಲೆಕ್ಟ್ರಿಕ್ ಮೋಟಾರ್ ನಿಂತಲ್ಲಿಂದಲೇ ಪೂರ್ತಿ ಬಲ ಕೊಡುವುದರಿಂದ ಹೊರಡುವಾಗಿನ ಎಳೆತ ಜೋರು. ಹಲಗೆಯ ಕೀಲಿನಲ್ಲಿ ಧೂಳು, ಮರಳು, ಹರಿದ ಟಿಕೆಟ್ ಚೂರು ಸೇರಿ ಗಟ್ಟಿಯಾಗುತ್ತದೆ. ವಾರಕ್ಕೊಮ್ಮೆ ಕಡ್ಡಿಪೊರಕೆಯಲ್ಲಿ ಕೆದಕಿದರೂ ಸಾಕು, ಸಲೀಸಾಗಿ ಏಳುತ್ತದೆ. ಮಳೆಯಲ್ಲಿ ಹಲಗೆ ಜಾರುತ್ತದೆ, ಬಟ್ಟೆಯಿಂದ ಒರೆಸಿಯೇ ಹತ್ತಿಸಬೇಕು.

ಸ್ಟಾಪಿನಲ್ಲಿ ನಿಂತವರ ಮುಖಕ್ಕೆ ಹೊಗೆ ಬಡಿಯುವುದಿಲ್ಲ, ಎಂಜಿನ್ ಗದ್ದಲವೂ ಇಲ್ಲ. ಆದರೆ ಸದ್ದಿನಿಂದಲೇ ಬಸ್ ಗುರುತಿಸುವ ಅಂಧರಿಗೆ ಅದು ಬಂದು ನಿಂತದ್ದೇ ತಿಳಿಯುವುದಿಲ್ಲ. ಬಾಗಿಲು ತೆರೆದೊಡನೆ ಕಂಡಕ್ಟರ್ ರೂಟ್ ನಂಬರ್ ಕೂಗಿ ಹೇಳಬೇಕು, ಪ್ರತಿ ಸ್ಟಾಪಿನಲ್ಲೂ.