ಸಾವೆಯ ಸಗಟು ವ್ಯಾಪಾರ: ಕಾಳು ತರಬೇಕಾ, ಅಕ್ಕಿ ತರಬೇಕಾ?

ದಾವಣಗೆರೆಯಲ್ಲಿ ಸಾವಯವ ಸಗಟು ವ್ಯಾಪಾರ ಬೆಳೆಸಬೇಕು ಅಂತಿದ್ದೀರಾ? ಹೊಸದುರ್ಗದ ಕಡೆಯ ಸಾವೆ ಅನ್ನುವ ಸಿರಿಧಾನ್ಯವನ್ನೇ ತಗೊಳ್ಳಿ. ಚೆನ್ನಾಗಿ ಒಣಗಿದ ಕಾಳು ಸಿಪ್ಪೆ ಸಮೇತ ಇದ್ದರೆ ವರ್ಷಗಟ್ಟಲೆ ಕೆಡುವುದಿಲ್ಲ. ಸುಗ್ಗಿಯಲ್ಲಿ ರೈತರಿಂದಲೇ ಕೊಳ್ಳಬಹುದು, ಯಾರ ಹೊಲದ್ದು ಅಂತಲೂ ಗೊತ್ತಿರುತ್ತದೆ. ಆದರೆ ಗೋದಾಮು ಬೇಕು, ದುಡ್ಡು ತಿಂಗಳುಗಟ್ಟಲೆ ಸಿಕ್ಕಿಕೊಳ್ಳುತ್ತದೆ. ಸಿಪ್ಪೆ ತೆಗೆಸಿದಾಗ ತೂಕವೂ ಇಳಿಯುತ್ತದೆ. ಆ ಲೆಕ್ಕ ಮೊದಲೇ ಹಾಕಿ.

ಸಿಪ್ಪೆ ತೆಗೆದು ಸಾವೆ ಅಕ್ಕಿ ಮಾಡಿದ್ದನ್ನೇ ತಂದರೆ ಕೆಲಸ ಸಲೀಸು. ಆದರೆ ತವುಡಿನ ಎಣ್ಣೆಗೆ ಗಾಳಿ ತಾಗಿ ಕೆಲವೇ ತಿಂಗಳಲ್ಲಿ ಕಮಟು ವಾಸನೆ, ಜೊತೆಗೆ ಹುಳು. ಸಾವಯವ ಅಂದಮೇಲೆ ರಾಸಾಯನಿಕ ಔಷಧಿ ಹಾಕುವ ಹಾಗಿಲ್ಲ, ಅಲ್ವಾ? ನಾನಂತೂ ಕಾಳೇ ಇಟ್ಟುಕೊಳ್ಳಿ, ಆರ್ಡರ್ ಬಂದಷ್ಟೇ ಮಿಲ್ ಮಾಡಿಸಿ ಅನ್ನುತ್ತೇನೆ.

ಪ್ರಮಾಣಪತ್ರದ ವಿಷಯ: ದೇಶದೊಳಗಿನ ಮಾರಾಟಕ್ಕೆ ರೈತರ ಗುಂಪಿನ ಪಿಜಿಎಸ್ (ರೈತರೇ ಒಬ್ಬರ ಹೊಲ ಇನ್ನೊಬ್ಬರು ನೋಡಿ ಕೊಡುವ ಸಾವಯವ ಪ್ರಮಾಣಪತ್ರ) ನಡೆಯುತ್ತದೆ, ಆದರೆ ನೀವು ಹೊರಗೆ ಮಿಲ್ ಮಾಡಿಸಿ ಮಾರುವ ಅಕ್ಕಿಗೂ ಅದು ಸಲ್ಲುತ್ತದಾ ಅಂತ ಮೊದಲೇ ವಿಚಾರಿಸಿ; ರಫ್ತಿಗೆ ಎನ್‌ಪಿಒಪಿ (ಮಾನ್ಯತೆ ಪಡೆದ ಸಂಸ್ಥೆ ತಪಾಸಣೆ ಮಾಡಿ ಕೊಡುವ ಪ್ರಮಾಣಪತ್ರ) ಬೇಕು.